ಮುಗ್ಗಲು ಅಲ್ಲ

ಫೆಬ್ರವರಿ 9, ಭಾನುವಾರ

ಈ ಡೈರಿ ಹೊಸ ವರ್ಷಕ್ಕೆ ಯಾವುದೋ ಪೇಪರ್ ಕಂಪೆನಿಯವರು ಇವರಿಗೆ ಕೊಟ್ಟದ್ದು. ಇವರು ತಂದು ನನ್ನ ಕೈಗೆ ಕೊಟ್ಟರು, ನಾನು ನಡುವಿನ ಪುಟ ಬಿಡಿಸಿ ಚೆನ್ನಾಗಿ ಒಮ್ಮೆ ಮೂಸಿದೆ, ಕಪಾಟಿನಲ್ಲಿಟ್ಟೆ. ನನ್ನ ಮಟ್ಟಿಗೆ ಡೈರಿಯ ಕೆಲಸ ಅಲ್ಲಿಗೆ ಮುಗಿದಿತ್ತು. ಇವತ್ತು ತೆಗೆದದ್ದೂ ಬರೆಯಲಿಕ್ಕೆ ಅಂತ ಅಲ್ಲ, ಅಂಗಡಿಯ ವಾಸನೆ ಇನ್ನೂ ಉಂಟಾ ಅಂತ ನೋಡಲಿಕ್ಕೆ. ಉಂಟು. ಕಪಾಟಿನ ಬುಡದಲ್ಲೇ ಕೂತು ಅತ್ತುಬಿಟ್ಟೆ. ಆಮೇಲೆ ಪೆನ್ನು ಹುಡುಕಿದೆ.

ನಮ್ಮ ಮನೆಮಾತು ಬ್ಯಾರಿ. ಅದನ್ನು ಬರೆದು ಅಭ್ಯಾಸ ಇಲ್ಲ. ಶಾಲೆಯಲ್ಲಿ ಕಲಿತ ಕನ್ನಡದಲ್ಲೇ ಬರೆಯುತ್ತೇನೆ, ಯಾರು ಓದಲಿಕ್ಕುಂಟು.

ನಿಝಾಮುದ್ದೀನ್. ಇವರ ಹೆಸರು ಒಮ್ಮೆ ಬರೆದು ನೋಡಬೇಕು ಅನಿಸಿತು. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. ಕಳೆದ ಶುಕ್ರವಾರದ ಹಿಂದಿನ ಶುಕ್ರವಾರ, ಜನವರಿ 31, ಜುಮಾಕ್ಕೆ ಅಂತ ಬೆಳ್ತಂಗಡಿಯ ನಮ್ಮ ಪುಸ್ತಕದ ಅಂಗಡಿಯ ಶಟರ್ ಎಳೆದು ಹೋದವರು ಮಸೀದಿಯಲ್ಲಿ ಕೈಕಾಲು ತೊಳೆಯುವಲ್ಲೇ ಕುಸಿದರಂತೆ. ಮಧ್ಯಾಹ್ನ ಊಟಕ್ಕೆ ಬರಬೇಕಾದವರನ್ನು ನಾಲ್ಕು ಜನ ಎತ್ತಿಕೊಂಡು ಬಂದರು.

ಈಗ ನಾನು ಇದ್ದ ಕೂತಿದ್ದೇನೆ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಇರುವುದಕ್ಕೆ ನಾವು ಹೇಳುವುದೇ ಹಾಗೆ, ಇದ್ದ. ಕನ್ನಡದಲ್ಲಿ ಬರೆದರೆ ಬೇರೆಯೇ ಕಾಣುತ್ತದೆ. ಇದ್ದ. ಈಗ ಇಲ್ಲ.

ಹೊರಗೆ ಹೋಗಲಿಕ್ಕಿಲ್ಲ. ಬಣ್ಣದ ಬಟ್ಟೆ, ಚಿನ್ನ, ಸುರುಮ, ಅತ್ತರ್, ಪರಿಮಳದ್ದು ಯಾವುದೂ ಇಲ್ಲ. ಬೇರೆ ಗಂಡಸರ ಎದುರು ಬರಲಿಕ್ಕಿಲ್ಲ. ಮೈದುನ ಮುಝಮ್ಮಿಲ್ ಕೂಡ ಅದೇ ಲೆಕ್ಕ, ಅವನು ಪರದೆಯ ಆಚೆ ನಿಂತು ಮಾತಾಡುತ್ತಾನೆ. ಅಣ್ಣನ ಮಯ್ಯತ್ತಿಗೆ, ಮಣ್ಣು ಮಾಡಲಿಕ್ಕೆ ಅಂತ ಸೌದಿಯ ಜುಬೈಲಿನಿಂದ ಓಡಿ ಬಂದ ಹುಡುಗ. ಮೂರನೇ ದಿನ ಮೊಬೈಲಿನಲ್ಲಿ ಕೂಡಿಸಿ ನೋಡಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿದ. ಜೂನ್ 10. ಆ ಸುತ್ತು ನನಗೆ ನೀರು ಕುಡಿಯಲಿಕ್ಕೆ ಹೋದಾಗಲೆಲ್ಲ ಕಾಣುತ್ತದೆ.

ಫೆಬ್ರವರಿ 12

ನಾನು ಓದುವವಳಲ್ಲ, ಮೂಸುವವಳು. ಏಳನೇ ಕ್ಲಾಸಿನಲ್ಲಿ ಹೊಸ ಪುಸ್ತಕ ಕೊಟ್ಟ ದಿನ ಎಲ್ಲರೂ ಚಿತ್ರ ನೋಡುತ್ತಿದ್ದರು, ನಾನು ಪುಸ್ತಕದೊಳಗೆ ಮುಖ ಇಟ್ಟು ಕಣ್ಣು ಮುಚ್ಚಿದ್ದೆ. ಶಶಿಪ್ರಭಾ ಟೀಚರ್ ಕಿವಿ ಹಿಂಡಿ, "ಓದ್ಲಿಕ್ಕೆ ಕೊಟ್ಟದ್ದು ಮಾರಾಯ್ತಿ, ಮೂಸ್ಲಿಕ್ಕಲ್ಲ" ಅಂದಿದ್ದರು. ಕಿವಿ ನೋವು ಮರುದಿನ ಹೋಯಿತು, ಚಟ ಹೋಗಲಿಲ್ಲ.

ಇವರು ಆ ಚಟವನ್ನೇ ಆಟ ಮಾಡಿದರು. ಊಟಕ್ಕೆ ಬರುವಾಗ ಪೇಪರಿನಲ್ಲಿ ಸುತ್ತಿದ ಒಂದು ಪುಸ್ತಕ ಬೆನ್ನ ಹಿಂದೆ. "ಕಣ್ಣು ಮುಚ್ಚು. ಹೊಸತಾ, ಹಳತಾ?" ಅದರಲ್ಲಿ ನಾನು ಒಂದು ದಿನವೂ ತಪ್ಪಿದವಳಲ್ಲ. ಹೊಸತಾದರೆ ಸರಕಾರದ ಪಠ್ಯವಾ, ಗೈಡಾ, ಕತೆ ಪುಸ್ತಕವಾ ಅಂತ ಹೇಳುತ್ತಿದ್ದೆ. ಸರಕಾರದ್ದಕ್ಕೆ ಚಿಮಿಣಿ ಎಣ್ಣೆಯ ಗಾಟು ಇರ್ತದೆ. ಹಳತಾದರೆ ಯಾವ ಮನೆಯದ್ದು ಅಂತ. ಬೀಡಿ ಕಟ್ಟುವ ಮನೆ, ಸೌದೆ ಒಲೆಯ ಮನೆ, ಮೇಣದ ಬತ್ತಿ ಉರಿಸುವ ಮನೆ, ಎಲ್ಲ ಪುಟದಲ್ಲಿ ಕೂತಿರ್ತದೆ. ಹೇಳಿದ್ದು ಸರಿಯಾದರೆ ಇವರು ಎರಡು ಕೈ ಮೇಲೆತ್ತಿ, "ಸೋತೆ" ಅನ್ನುತ್ತಿದ್ದರು. ಅಷ್ಟೇ ಆಟ.

ಬರೀ ಆಟವೂ ಅಲ್ಲ. ಹಳೆ ಪುಸ್ತಕದ ಗೋಣಿ ಬಂದರೆ ಮೊದಲು ಮನೆಗೆ ತರುತ್ತಿದ್ದರು. ನಾನು ಒಂದೊಂದೇ ಮೂಸಿ ಮುಗ್ಗಲು ಹಿಡಿದದ್ದನ್ನು ಬೇರೆ ಮಾಡಬೇಕು. ಮುಗ್ಗಲು ಹಿಡಿದ ಒಂದು ಪುಸ್ತಕ ಕಪಾಟಿಗೆ ಹೋದರೆ ಪಕ್ಕದ ಹತ್ತನ್ನು ಹಾಳು ಮಾಡುತ್ತದೆ, ಕಣ್ಣಿಗೆ ಬೀಳುವಾಗ ತಡವಾಗಿರ್ತದೆ. ಮೂಗಿಗೆ ಮೊದಲೇ ಗೊತ್ತಾಗುತ್ತದೆ. ಈ ಕೆಲಸ ನಾನು ಮಾಡುತ್ತೇನೆ ಅಂತ ಪೇಟೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಚಾ ಕುಡಿಯುವಾಗ ಕೇಳಿದೆ, ಒಳ್ಳೆಯ ಹಳೆ ಪುಸ್ತಕಕ್ಕೆ ಒಂದು ವಾಸನೆ ಉಂಟಲ್ಲ, ಅದಕ್ಕೆ ಕನ್ನಡದಲ್ಲಿ ಶಬ್ದ ಎಂತ ಅಂತ.

"ಉಂಟಲ್ಲ, ಮುಗ್ಗಲು" ಅಂದರು ನಗುತ್ತಾ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಪ್ಪತ್ತು ವರ್ಷ ನಾನು ಗೋಣಿಗಟ್ಟಲೆ ಬೇರೆ ಮಾಡಿಕೊಟ್ಟದ್ದು ಮತ್ತೆ ಎಂತ? ಮುಗ್ಗಲು ಅಂದರೆ ಕೆಟ್ಟದ್ದು, ಇದು ಒಳ್ಳೆಯದು. "ನಿಮಗೆ ಮೂಗೇ ಇಲ್ಲ, ಸುಮ್ಮನೆ ಮುಖದಲ್ಲಿ ಒಂದು ಇಟ್ಟುಕೊಂಡಿದ್ದೀರಿ" ಅಂದುಬಿಟ್ಟೆ. "ಆಯ್ತಾಯ್ತು, ಪುಸ್ತಕದಲ್ಲಿ ನೋಡಿ ಹೇಳ್ತೇನೆ" ಅಂತ ಚಪ್ಪಲಿ ಮೆಟ್ಟಿಕೊಂಡು ಹೋದರು. ದಿನಾ ಬಾಗಿಲವರೆಗೆ ಹೋಗುವವಳು ಆವತ್ತು ಹೋಗಲಿಲ್ಲ. ಕೊನೆಗೆ ನಾನು ಇವರಿಗೆ ಹೇಳಿದ್ದು ಅದೇ, ಮೂಗಿಲ್ಲ ಅಂತ.

ಫೆಬ್ರವರಿ 20

ಮೈ ತೊಳೆಯಲಿಕ್ಕೆ ಕಡಲೆಹಿಟ್ಟು. ಬಟ್ಟೆಯ ಸೋಪಿಗೂ ಲಿಂಬೆ ಪರಿಮಳ ಉಂಟು ಅಂತ ಮಾಮಿ ಅದನ್ನೂ ಬದಲಿಸಿದರು. ಮಾಮಿ ಅಂದರೆ ಇವರ ತಾಯಿ. ಮಗ ಸತ್ತ ಮೇಲೆ ಅವರು ಅತ್ತದ್ದನ್ನು ನಾನು ನೋಡಲಿಲ್ಲ, ನನ್ನ ಮೇಲೆ ಕಣ್ಣಿಡುವುದೇ ಈಗ ಅವರ ದೊಡ್ಡ ಉದ್ಯೋಗ. ಮನೆಗೆ ಮನೆಯೇ ವಾಸನೆ ಇಲ್ಲದ್ದಾಗಿದೆ. ಕಿಟಕಿಯಿಂದ ಲಾಯಿಲದ ರಸ್ತೆ ಇಷ್ಟೇ ಇಷ್ಟು ಕಾಣುತ್ತದೆ, ಧರ್ಮಸ್ಥಳದ ಬಸ್ಸು ಹೋದರೆ ಬರೀ ತಲೆಯ ಮೇಲಿನ ಭಾಗ.

ಇವತ್ತು ಇವರ ಮೇಜಿನ ಒಂದು ಹಳೆ ಪುಸ್ತಕ ತೆಗೆದೆ. ಹುಳ ಬರಬಾರದು ಅಂತ ಅದರೊಳಗೆ ಲಾವಂಚದ ಬೇರು ಇಟ್ಟಿದ್ದರು. ಆಹಾ. ಮುಖ ಇಟ್ಟದ್ದೇ ಸೈ, ಮಾಮಿ ಬಾಗಿಲಲ್ಲಿ. "ಎಂತದದು? ಪರಿಮಳವಾ?" ಪುಸ್ತಕ ಅಂದೆ. ಕೈಯಿಂದ ತೆಗೆದುಕೊಂಡು ತಾವೂ ಮೂಸಿದರು. "ಇದು ಪರಿಮಳವೇ!"

ಸೀದಾ ಮಸೀದಿಯ ಉಸ್ತಾದರಿಗೆ ಫೋನ್. ಮಾಮಿಗೆ ಎಲ್ಲ ಪುಸ್ತಕವೂ ಕಿತಾಬ್. "ಉಸ್ತಾದೇ, ನನ್ನ ಸೊಸೆ ಹೊತ್ತಿಲ್ಲ ಗೊತ್ತಿಲ್ಲ ಕಿತಾಬನ್ನು ಮುಖಕ್ಕೆ ಹಿಡಿದುಕೊಂಡು ಕೂರುತ್ತಾಳೆ, ಬಿಡುವುದೇ ಇಲ್ಲ, ಇದು ಆಗುತ್ತದಾ?" ಉಸ್ತಾದರಿಗೆ ಕಿತಾಬ್ ಅಂದರೆ ದೀನಿನ, ಧರ್ಮದ ಕಿತಾಬ್ ಮಾತ್ರ. ಇಂಥ ಭಕ್ತಿ ಈ ಕಾಲದಲ್ಲಿ ಯಾರಿಗುಂಟು, ಧಾರಾಳ ಹಿಡಿಯಲಿ ಅಂದರಂತೆ. ಸಂಜೆಗೆ ನಾಲ್ಕು ಧಾರ್ಮಿಕ ಪುಸ್ತಕ ಕಳಿಸಿದ್ದಾರೆ, ಎಲ್ಲ ಕನ್ನಡದ್ದು. ನಾಲ್ಕನ್ನೂ ಮೂಸಿದೆ. ಒಳ್ಳೆ ಹೊಸತು, ಗೋಂದು ಇನ್ನೂ ಒಣಗಿಲ್ಲ. ಕಪಾಟಿಗಿಟ್ಟೆ.

ಮಾರ್ಚ್ 2

ಉಪವಾಸ ಸುರು. ಮುಝಮ್ಮಿಲ್ ಜುಬೈಲಿಗೆ ಹೋಗಿ ಹದಿನೈದು ದಿನ ಆಯಿತು. ಅಂಗಡಿಯ ಕೀ ಮಾಮಿಯ ಸೊಂಟದಲ್ಲಿ. ಬರೆಯಲಿಕ್ಕೆ ಎಂತದೂ ಇಲ್ಲ.

ಮಾರ್ಚ್ 18

ಶಶಿಪ್ರಭಾ ಟೀಚರ್ ಬಂದಿದ್ದರು. ರಿಟೈರ್ ಆಗಿ ವರ್ಷವಾಯಿತು, ಇವರ ಅಂಗಡಿಯ ಕಾಯಂ ಗಿರಾಕಿ. ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡರು. ಹೋಗುವಾಗ ಚೀಲದಿಂದ ಅವರದ್ದೇ ಒಂದು ದಪ್ಪ ಕಾದಂಬರಿ ತೆಗೆದಿಟ್ಟರು. ನಾನು ಅಭ್ಯಾಸಬಲದಿಂದ ಮೂಗಿನ ಹತ್ತಿರ ತಂದೆ. "ಇನ್ನೂ ಬಿಡ್ಲಿಲ್ವಾ ನೀನು?" ಅಂತ ನಕ್ಕರು. ಆಮೇಲೆ ಇಬ್ಬರೂ ಅತ್ತೆವು.

ಟೀಚರ ಮನೆಯಲ್ಲಿ ದಿನಾ ಊದುಬತ್ತಿ ಹಚ್ಚುತ್ತಾರೆ, ಎಡಗಡೆಯ ಪುಟಗಳಿಗೆ ಹೆಚ್ಚು ಹಿಡಿದಿದೆ. ಮೂರು ಪುಟ ಓದಿದೆ, ನಿದ್ರೆ ಬಂತು.

ಮಾರ್ಚ್ 31, ಪೆರ್ನಾಲ್

ಹಬ್ಬದ ಮನೆಯಲ್ಲಿ ಅತ್ತರ್ ಇಲ್ಲ. ಮಗಳು ಫರ್ಹಾನ ಮೂಡಬಿದ್ರೆಯ ಹಾಸ್ಟೆಲಿನಿಂದ ಬಂದಿದ್ದಾಳೆ, ಅವಳ ಕೂದಲಿಗೆ ಹಾಸ್ಟೆಲಿನ ಸಾಂಬಾರಿನ ವಾಸನೆ. ತುಂಬ ಹೊತ್ತು ಅವಳ ತಲೆ ಹಿಡಿದುಕೊಂಡಿದ್ದೆ. ಬಾಪನ ಅಂಗಡಿ ಯಾವಾಗ ತೆರೆಯುವುದು ಅಂತ ಕೇಳಿದಳು.

ಏಪ್ರಿಲ್ 17

ಮುಝಮ್ಮಿಲ್ ಫೋನ್ ಮಾಡಿದ್ದ. ಹದಿನಾಲ್ಕು ವರ್ಷದಿಂದ ಅವನು ಅಲ್ಲಿ ಪರ್ಫ್ಯೂಮ್ ಅಂಗಡಿಯ ಸೇಲ್ಸ್‌ಮನ್. ಸುತ್ತಿ ಬಳಸಿ ಕೊನೆಗೆ ವಿಷಯಕ್ಕೆ ಬಂದ.

"ಅತ್ತಿಗೆ, ನಾನು ಊರಿಗೇ ಬರುವ ಅಂತ ಮಾಡಿದ್ದೇನೆ. ಅಣ್ಣನ ಅಂಗಡಿಯಲ್ಲಿ ಅತ್ತರ್, ಊದ್, ಸ್ಪ್ರೇ ಇಡುವ. ನಿಮ್ಮನ್ನೂ ಫರ್ಹಾನಳನ್ನೂ ನೋಡಿಕೊಳ್ಳುವುದು ನನ್ನ ಜವಾಬ್ದಾರಿ. ಪುಸ್ತಕ ಈಗ ಯಾರು ತೆಗೊಳ್ತಾರೆ ಹೇಳಿ? ಅದನ್ನು ಗುಜರಿಯವರಿಗೆ ಕೊಟ್ಟುಬಿಡುವ."

ಎಷ್ಟು ಮರ್ಯಾದೆಯಿಂದ ಹೇಳಿದ. ಅವನ ದನಿಯಲ್ಲಿ ಊರಿಗೆ ಬರುವ ಆಸೆ ತುಂಬಿ ತುಳುಕುತ್ತಿತ್ತು. ಹೂಂ ಅಂದೆ.

ಏಪ್ರಿಲ್ 18

ಯಾಕೆ ಹೂಂ ಅಂದೆ?

ಏಪ್ರಿಲ್ 19

ಯಾಕೆ ಅಂದೆ ಅಂತ ಗೊತ್ತಾಯಿತು. ಬೇರೆ ಎಂತ ಹೇಳಲಿಕ್ಕೂ ನನಗೆ ಅಭ್ಯಾಸ ಇಲ್ಲ. ಬೇಡ ಅನ್ನಲಿಕ್ಕೆ ನನ್ನ ಹತ್ತಿರ ಕಾರಣ ಎಂತ ಉಂಟು? ಅಂಗಡಿಯ ವಾಸನೆ ಹೋಗ್ತದೆ ಅಂತ ಹೇಳಲಾ? ನಗುತ್ತಾರೆ. ಅತ್ತರಿನ ಬಾಟ್ಲಿ ಇಟ್ಟ ಮರುದಿನವೇ ಆ ನಾಲ್ಕು ಗೋಡೆಗಳಿಂದ ಇವರು ಹೋಗುತ್ತಾರೆ, ಆಮೇಲೆ ಎಲ್ಲಿ ಹುಡುಕಲಿ? ಇಡೀ ದಿನ ಈ ಕೋಣೆಯಿಂದ ಆ ಕೋಣೆಗೆ ನಡೆದೆ. ಹದಿನೇಳು ಹೆಜ್ಜೆ ಆಗ್ತದೆ, ಗೋಡೆ ಸಿಗ್ತದೆ. ಮಾಮಿ "ಕೂತುಕೋ" ಅಂದರು. ಕೂತುಕೊಂಡೇ ಇದ್ದೇನಲ್ಲ ಮಾಮಿ, ಎರಡೂವರೆ ತಿಂಗಳಿಂದ ಎಂತ, ಹುಟ್ಟಿದಂದಿನಿಂದ, ಅಂತ ಬಾಯಿಗೆ ಬಂತು. ನುಂಗಿದೆ.

ಮೇ 5

ಗಂಜಿ ಉಕ್ಕಿ ಒಲೆ ಆರಿತು. ಟೀಚರ್ ಕಳಿಸಿದ ಪುಸ್ತಕ ಮೂಸಲಿಕ್ಕೆ ಅಂತ ತೆಗೆದದ್ದು, ಒಂದು ಪುಟ ನೋಡುವ ಅಂತ ಕೂತದ್ದು, ಮಾಮಿ ಬಂದು ಬೈಯುವಾಗ ನೂರಾ ಹನ್ನೆರಡನೇ ಪುಟ. ಅದರಲ್ಲಿ ಬರುವ ಹೆಂಗಸಿಗೆ ಸ್ವಲ್ಪವೂ ಬುದ್ಧಿ ಇಲ್ಲ, ಎಲ್ಲದಕ್ಕೂ ಹೂಂ ಅನ್ನುತ್ತಾಳೆ. ಎರಡು ಬಾರಿಸುವ ಅನಿಸಿತು. ಟೀಚರಿಗೆ ಫೋನ್ ಮಾಡಿ ಮುಂದಿನ ಭಾಗ ಉಂಟಾ ಅಂತ ಕೇಳಿದೆ. "ಇದು ಐದನೇ ಪುಸ್ತಕ ರಹ್ಮತ್, ನನ್ನ ಕಪಾಟು ಖಾಲಿ ಮಾಡ್ತೀಯಾ?" ಅಂದರು. ಐದಾ? ನಾಲ್ಕು ಅಂತ ನನ್ನ ಲೆಕ್ಕ.

ಮೇ 24

ಮಳೆ. ಈ ವರ್ಷ ಮೇಯಲ್ಲೇ ಹಿಡಿಯಿತು. ಚಾರ್ಮಾಡಿ ಬದಿಯಿಂದ ಕಪ್ಪಗಾಗಿ ಬಂದು ಸುರಿದದ್ದು ಬೆಳಗ್ಗಿನಿಂದ ಬಿಟ್ಟಿಲ್ಲ. ಮಣ್ಣಿನ ವಾಸನೆಗೆ ಎಲ್ಲರೂ ಸಂತೋಷಪಡುತ್ತಾರೆ, ನನಗೆ ಅಂಗಡಿ ನೆನಪಾಯಿತು. ಅಂಗಡಿ ಮುಚ್ಚಿ ನಾಲ್ಕು ತಿಂಗಳಾಗುತ್ತಾ ಬಂತು, ಗಾಳಿ ಇಲ್ಲ, ಹಿಂದಿನ ಗೋಡೆಗೆ ಪ್ರತಿ ವರ್ಷ ನೀರು ಬರುತ್ತದೆ. ಇವರಿದ್ದಾಗ ಮೇ ತಿಂಗಳಲ್ಲಿ ಆ ಬದಿಯ ಪುಸ್ತಕವನ್ನೆಲ್ಲ ಈಚೆ ಹಾಕುತ್ತಿದ್ದರು.

ಮುಝಮ್ಮಿಲನಿಗೆ ಫೋನ್ ಮಾಡಿದೆ. ಯಾರನ್ನಾದರೂ ಕಳಿಸಿ ಶಟರ್ ತೆಗೆಸು, ಹಿಂದಿನ ಕಪಾಟು ಈಚೆ ಮಾಡಿಸು ಅಂದೆ. "ಅದೆಲ್ಲ ಹೇಗೂ ಗುಜರಿಗಲ್ವಾ ಅತ್ತಿಗೆ, ಒದ್ದೆಯಾದರೆ ಎಂತ? ನಾಡಿದ್ದು ನಾನೇ ಬರ್ತೇನೆ" ಅಂದ.

ಮೇ 27

ಪರದೆಯ ಈಚೆ ನಾನು, ಆಚೆ ಅವನು, ನಡುವೆ ಮಾಮಿ.

"ಜೂನ್ ಒಂಬತ್ತಕ್ಕೆ ಲಾರಿ ಹೇಳಿದ್ದೇನೆ. ಕಟ್ಟಡದ ಧಣಿ ಪದ್ಮಯ್ಯನವರಿಗೂ ಹೇಳಿ ಆಯಿತು. ಹತ್ತಕ್ಕೆ ನೀವು ಹೊರಗೆ ಬರುವಾಗ ಎಲ್ಲ ಕ್ಲೀನ್ ಇರ್ತದೆ. ಅಣ್ಣನ ಸಾಮಾನು ಹೋಗುವುದನ್ನು ನೀವು ನೋಡುವುದು ಬೇಡ ಅಂತ ಒಂದು ದಿನ ಮೊದಲೇ ಇಟ್ಟದ್ದು."

ಇಷ್ಟು ಯೋಚನೆ ಮಾಡಿದವನ ಮೇಲೆ ಸಿಟ್ಟು ಮಾಡುವುದು ಹೇಗೆ? ಆದರೂ ಬಂತು. "ಬೇಡ" ಅಂದೆ. ಮಾಮಿ ನನ್ನ ಕಡೆ ತಿರುಗಿದರು.

"ಎಂತ ಬೇಡ?"

"ಲಾರಿ ಬೇಡ. ಪುಸ್ತಕ ಕೊಡುವುದು ಬೇಡ. ಅಂಗಡಿಯಲ್ಲಿ ನಾನು ಕೂರ್ತೇನೆ."

ಪರದೆಯಿಂದಾಗಿ ಅವನ ಮುಖ ಕಾಣದ್ದು ಒಳ್ಳೆಯದಾಯಿತು, ಕಂಡಿದ್ದರೆ ನನಗೆ ಬಾಯಿ ಬರುತ್ತಿರಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದ, "ಅತ್ತಿಗೆ, ಬೇಸರ ಮಾಡಬೇಡಿ. ನೀವು ಆ ಅಂಗಡಿಯಲ್ಲಿ ಒಂದು ದಿನವಾದರೂ ಕೂತಿದ್ದೀರಾ?"

ಇಲ್ಲ. ಒಂದು ದಿನವೂ ಇಲ್ಲ.

"ಲಾರಿಯವರಿಗೆ ಮಾತು ಕೊಟ್ಟಾಗಿದೆ" ಅಂತ ಎದ್ದು ಹೋದ. ಒಂಬತ್ತಕ್ಕೆ ಲಾರಿ, ಹತ್ತಕ್ಕೆ ನಾನು. ಒಂದೇ ಒಂದು ದಿನ.

ಮೇ 28

ಹಜ್ಜಿನ ತಿಂಗಳ ಚಂದ್ರ ಕಂಡಿದೆ ಅಂತ ಮಸೀದಿಯಲ್ಲಿ ಹೇಳಿದರು. ಜೂನ್ ಏಳಕ್ಕೆ ಬಕ್ರೀದ್.

ಆಮೇಲೆ ಓದಲಿಕ್ಕೆ ಬೇರೆ ಎಂತದೂ ಸಿಗದೆ ಉಸ್ತಾದರ ಆ ನಾಲ್ಕು ಕಿತಾಬ್ ತೆಗೆದೆ. ಮೂರನೆಯದರಲ್ಲಿ ಇದ್ದದ ಅಧ್ಯಾಯ ಇತ್ತು. ನಾಲ್ಕು ತಿಂಗಳು ಹತ್ತು ದಿನ, ಅದು ಗೊತ್ತಿದ್ದದ್ದೇ. ಮುಂದಿನ ಸಾಲು: ತಿಂಗಳುಗಳನ್ನು ಚಂದ್ರನ ಪ್ರಕಾರ ಎಣಿಸಬೇಕು.

ಮೂರು ಸಲ ಓದಿದೆ. ಎದ್ದು ಹೋಗಿ ಕ್ಯಾಲೆಂಡರಿನ ಎದುರು ನಿಂತೆ. ಇವರು ಹೋದದ್ದು ಶಅಬಾನ್ ಒಂದಕ್ಕೆ. ಶಅಬಾನ್, ರಮಳಾನ್, ಶವ್ವಾಲ್, ದುಲ್‌ಖಅದ್. ನಾಲ್ಕು ತಿಂಗಳು ನಾಳೆಗೇ ಮುಗಿಯುತ್ತದೆ! ಅದಕ್ಕೆ ಹತ್ತು ಸೇರಿಸಿದರೆ ಬಕ್ರೀದಿನ ಮರುದಿನ, ಜೂನ್ ಎಂಟು. ಮುಝಮ್ಮಿಲ್ ಮೊಬೈಲಿನಲ್ಲಿ ಇಂಗ್ಲಿಷ್ ತಿಂಗಳು ಕೂಡಿಸಿದ್ದಾನೆ. ಹದಿನಾಲ್ಕು ವರ್ಷ ಅರಬರ ನಾಡಿನಲ್ಲಿದ್ದವನು!

ಕಿತಾಬ್ ಹಿಡಿದುಕೊಂಡು ಮಾಮಿಯ ಹತ್ತಿರ ಓಡಿದೆ. ಅವರು ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದರು, ತಲೆ ಎತ್ತಲಿಲ್ಲ.

"ಗೊತ್ತುಂಟು."

"ಗೊತ್ತುಂಟಾ? ಯಾವಾಗಿನಿಂದ?"

"ಅವನು ಕೆಂಪು ಸುತ್ತು ಹಾಕಿದ ದಿನದಿಂದ. ನಾನೂ ಗಂಡ ಸತ್ತು ಇದ್ದ ಕೂತವಳಲ್ಲವಾ? ನನ್ನನ್ನು ಯಾರೂ ಕೇಳಲಿಲ್ಲ. ಎರಡು ದಿನ ಹೆಚ್ಚು ಕೂತರೆ ಎಂತ ನಷ್ಟ ಅಂತ ಸುಮ್ಮನಾದೆ."

ನಗಬೇಕೋ ಅಳಬೇಕೋ. ಉಸ್ತಾದರಿಗೆ ಫೋನ್ ಮಾಡಿಸಿದೆ. ಎಂಟಕ್ಕೆ ಸಂಜೆಯ ಅಸರ್ ನಮಾಝ್ ಕಳೆದರೆ ಮುಗಿಯಿತು ಅಂದರು. "ಮುಝಮ್ಮಿಲನಿಗೆ ಹೇಳಬೇಕಾ?" ಅಂತ ಮಾಮಿಯನ್ನು ಕೇಳಿದೆ. ಎಲೆಗೆ ಸುಣ್ಣ ಹಚ್ಚುತ್ತಾ, "ಅವನು ಕೇಳಿದರೆ ಹೇಳ್ತೇನೆ" ಅಂದರು.

ಜೂನ್ 7, ಬಕ್ರೀದ್

ಅವನು ಕೇಳಲಿಲ್ಲ.

ಜೂನ್ 8, ಭಾನುವಾರ

ಅಸರ್ ಕಳೆಯಿತು. ಮಿಂದೆ. ಸೋಪು ಹಾಕಿ ಮಿಂದೆ ಅಂತ ಬರೆಯಲಿಕ್ಕೂ ಖುಷಿಯಾಗುತ್ತದೆ, ಹಾಗೇ ನಾಚಿಕೆಯೂ. ಖುಷಿಪಡಲಿಕ್ಕೆ ಎಂತ ಉಂಟು, ಇವರು ಬಂದರಾ?

ಮಾಮಿ ಪೆಟ್ಟಿಗೆಯಿಂದ ಅತ್ತರಿನ ಕುಪ್ಪಿ ತೆಗೆದು ತಂದರು. ಕಳೆದ ವರ್ಷ ಮುಝಮ್ಮಿಲ್ ಕಳಿಸಿದ್ದು. ಒಂದು ಬೊಟ್ಟು ಹಚ್ಚು ಅಂದರು. ಬೇಡ ಮಾಮಿ, ನಾಳೆ ಮೂಗಿಗೆ ಕೆಲಸ ಉಂಟು ಅಂದೆ. ಅವರು ಸೊಂಟದಿಂದ ಅಂಗಡಿಯ ಕೀ ಬಿಚ್ಚಿ ನನ್ನ ಕೈಯಲ್ಲಿಟ್ಟು ಬೆರಳು ಮಡಚಿದರು. "ಅವನ ಕೈಯಲ್ಲಿ ಇನ್ನೊಂದು ಉಂಟು. ಬೇಗ ಹೋಗು" ಅಂದವರು ಗೋಡೆಯ ಕಡೆ ತಿರುಗಿ ಅಳಲಿಕ್ಕೆ ಸುರು ಮಾಡಿದರು. ನಾಲ್ಕು ತಿಂಗಳಲ್ಲಿ ಮೊದಲ ಸಲ. ನಾನು ಹಿಂದಿನಿಂದ ಹಿಡಿದುಕೊಂಡೆ.

ಜೂನ್ 9, ಸೋಮವಾರ

ಬುರ್ಖಾ ಹಾಕಿ ಫರ್ಹಾನಳನ್ನು ಕರೆದುಕೊಂಡು ಎಂಟೂವರೆಗೆ ರಿಕ್ಷಾ ಹಿಡಿದೆ. ಲಾಯಿಲದಿಂದ ಪೇಟೆಗೆ ಐದು ನಿಮಿಷ. ರಸ್ತೆ ಇಷ್ಟು ಅಗಲ ಇತ್ತಾ?

ಲಾರಿ ಆಗಲೇ ಬಂದು ನಿಂತಿತ್ತು. ಮುಝಮ್ಮಿಲ್ ಕೀ ಹಿಡಿದು ಶಟರಿನ ಎದುರು ಬಗ್ಗಿದ್ದ. ನನ್ನನ್ನು ಕಂಡವನೇ ಗಕ್ಕನೆ ಗೋಡೆಯ ಕಡೆ ಮುಖ ತಿರುಗಿಸಿದ.

"ಅತ್ತಿಗೆ! ನಿಮ್ಮದು ನಾಳೆಗಲ್ವಾ?"

"ಚಂದ್ರನ ಲೆಕ್ಕದಲ್ಲಿ ನಿನ್ನೆಗೇ ಆಯ್ತು. ನಿನ್ನ ಉಮ್ಮನನ್ನು ಕೇಳು. ತಿರುಗು ಇತ್ತ, ನಾನು ಭೂತ ಅಲ್ಲ."

ಮೊಬೈಲ್ ತೆಗೆದು ನೋಡಿದ, ಬೆರಳು ಮಡಚಿ ಎಣಿಸಿದ, ಮೊಬೈಲನ್ನು ಕಿಸೆಗೆ ಹಾಕಿದ. ಧಣಿ ಪದ್ಮಯ್ಯನವರು ಜಗಲಿಯ ಬೆಂಚಿನಲ್ಲಿ ಪೇಪರ್ ಓದುತ್ತಿದ್ದವರು ಕನ್ನಡಕ ಇಳಿಸಿ ನೋಡಿದರು.

ಶಟರ್ ನಾನೇ ತೆಗೆದೆ. ನಾಲ್ಕು ತಿಂಗಳು ಹತ್ತು ದಿನ ನಾನು ಮನಸ್ಸಿನಲ್ಲಿ ಕಟ್ಟಿಕೊಂಡು ಕೂತ ವಾಸನೆ ಒಂದು, ಮುಖಕ್ಕೆ ಹೊಡೆದದ್ದು ಇನ್ನೊಂದು. ಮುಗ್ಗಲು. ಬರೀ ಮುಗ್ಗಲು. ಹಿಂದಿನ ಗೋಡೆಯ ಕಪಾಟು ಬೂದು ಬಣ್ಣ ಆಗಿತ್ತು. ಇವರು ಎಲ್ಲಿಯೂ ಇರಲಿಲ್ಲ. ಹೊಸ್ತಿಲಲ್ಲೇ ಫರ್ಹಾನಳ ಕೈ ಹಿಡಿದುಕೊಂಡೆ.

"ನೋಡಿದಿರಲ್ಲ ಅತ್ತಿಗೆ" ಅಂದ ಮುಝಮ್ಮಿಲ್, ಪಾಪ, ಮೆಲ್ಲಗೇ ಅಂದ. "ಎಲ್ಲ ಹೋಗಿದೆ."

ಎಲ್ಲ ಹೋಗಿದೆ ಅಂತ ಹೇಳಲಿಕ್ಕೆ ಇವನು ಯಾರು? ಮೂಸಿ ನೋಡಿದ್ದಾನಾ? ಇವರ ಸ್ಟೂಲನ್ನು ಬಾಗಿಲಿಗೆ ಎಳೆದು ಕೂತೆ.

"ಒಂದೊಂದೇ ಕಟ್ಟು ತಾ" ಅಂದೆ. "ಬಲಗಡೆ ಇಟ್ಟದ್ದು ಲಾರಿಗೆ, ಎಡಗಡೆ ಇಟ್ಟದ್ದು ಕಪಾಟಿಗೆ."

ಲಾರಿಯವನು ಬೀಡಿ ಹಚ್ಚಲಿಕ್ಕೆ ಹೊರಟ, ಆಚೆ ಹೋಗಿ ಸೇದು ಅಂದೆ. ಮೊದಲನೇ ಕಟ್ಟು ಮೇಲಿನಿಂದ ಹಳದಿಯಾಗಿ ಕಾಣುತ್ತಿತ್ತು, ಮುಝಮ್ಮಿಲ್ ಬಲಕ್ಕೆ ಇಡಲಿಕ್ಕೆ ಹೋದ. ಬೇಡ, ಅದು ಬಿಸಿಲಿನ ಹಳದಿ, ಒಳಗೆ ಚಂದ ಉಂಟು, ಎಡಕ್ಕೆ. ಎರಡನೆಯದು ಹೊಸ ಡಿಕ್ಷನರಿಗಳ ಕಟ್ಟು, ಪ್ಲಾಸ್ಟಿಕ್ ಕೂಡ ಹರಿದಿಲ್ಲ. ಬಲಕ್ಕೆ.

"ಇದು ಹೊಸದಲ್ವಾ ಅತ್ತಿಗೆ!"

"ಬಿಚ್ಚಿ ನಡುವಿನದ್ದು ನೋಡು."

ಬಿಚ್ಚಿದ. ನಡುವಿನ ಮೂರು ಪುಸ್ತಕಕ್ಕೆ ಬೂದು ರೋಮ ಬಂದಿತ್ತು. ಲಾರಿಯವನು "ಅಬ್ಬ, ಇವರದ್ದು ಮೂಗಾ ಮಾರಾಯ್ರೇ!" ಅಂದ. ಮುಝಮ್ಮಿಲ್ ಆ ಪುಸ್ತಕ ನೋಡುತ್ತಾ ನಿಂತವನು, "ಅಣ್ಣ ಗೋಣಿ ಮನೆಗೆ ತರುತ್ತಿದ್ದದ್ದು ಇದಕ್ಕಾ?" ಅಂತ ಕೇಳಿದ. ಇದಕ್ಕೇ ಅಂದೆ. ಆಮೇಲೆ ಅವನು ಅಂಗಿಯ ಕೈ ಮಡಚಿದ, ಕಟ್ಟು ತಂದು ಕೊಡತೊಡಗಿದ.

ಒಂದು ಕಾದಂಬರಿ ಕೈಗೆ ಬಂದಾಗ, "ಇದು ಎಡಕ್ಕೆ, ಕೊನೆಯಲ್ಲಿ ಸ್ವಲ್ಪ ಎಳೀತದೆ, ಆದರೂ ಟೀಚರುಗಳು ತೆಗೊಳ್ತಾರೆ" ಅಂದೆ. "ಉಮ್ಮ, ನೀವು ಇದನ್ನು ಯಾವಾಗ ಓದಿದ್ದು?" ಅಂತ ಫರ್ಹಾನ ಬಾಯಿ ಬಿಟ್ಟು ನೋಡಿದಳು. ಅದರಲ್ಲಿ ಅಷ್ಟು ನೋಡಲಿಕ್ಕೆ ಎಂತ ಉಂಟೋ.

ಹನ್ನೊಂದು ಗಂಟೆಗೆ ಪದ್ಮಯ್ಯನವರು ಹೋಟೆಲಿನಿಂದ ನಾಲ್ಕು ಚಾ ಹೇಳಿದರು. "ಹಾಗಾದರೆ ಬೋರ್ಡು ಇಳಿಸುವ ಕೆಲಸ ಇಲ್ಲ ಅಲ್ವಾ?" ಅಂತ ಮುಝಮ್ಮಿಲನನ್ನು ಕೇಳಿದರು. ಅವನು ನನ್ನ ಕಡೆ ನೋಡಿದ. ಊರಿಗೆ ಬರಬೇಕು ಅಂತ ಹದಿನಾಲ್ಕು ವರ್ಷ ಕಾದ ಮುಖ. "ಎದುರಿನ ಆ ಗಾಜಿನ ಕಪಾಟು ನಿನಗೆ, ಅತ್ತರ್ ಇಡು" ಅಂದೆ. "ಮುಚ್ಚಳ ಬಿಗಿ ಇರಲಿ. ಒಂದು ಹನಿ ಚೆಲ್ಲಿದರೂ ಬಿಡುವುದಿಲ್ಲ." ಅವನು ತಲೆ ತಗ್ಗಿಸಿ ನಕ್ಕ.

ಹಣದ ಗಲ್ಲೆಯ ಮೇಜಿನ ಕೆಳಗಿನ ಖಾನೆ ಕೊನೆಗೆ. ಅಲ್ಲಿಂದ ಮುಝಮ್ಮಿಲ್ ಪೇಪರಿನಲ್ಲಿ ಸುತ್ತಿದ ಒಂದನ್ನು ತೆಗೆದ. ಪೇಪರ್ ಜನವರಿ 31ರದ್ದು. ಫರ್ಹಾನ ಅದನ್ನು ಅವನ ಕೈಯಿಂದ ತೆಗೆದುಕೊಂಡು ಬೆನ್ನ ಹಿಂದೆ ಹಿಡಿದಳು.

"ಉಮ್ಮ, ಕಣ್ಣು ಮುಚ್ಚಿ. ಹೊಸತಾ, ಹಳತಾ?"

ಮುಚ್ಚಿದೆ. ಮೂಗಿನ ಹತ್ತಿರ ತಂದಳು. ಬೆಳಗ್ಗಿನಿಂದ ನಾನು ಹುಡುಕುತ್ತಿದ್ದದ್ದು ಅಲ್ಲಿತ್ತು. ಮುಗ್ಗಲಿನ ಸೋಂಕು ಕೂಡ ಇಲ್ಲದ್ದು, ಅಂಗಡಿಯ ವಾಸನೆ, ಊಟಕ್ಕೆ ಬರುವಾಗ ಇವರ ಅಂಗಿಯಲ್ಲಿ ಬರುತ್ತಿದ್ದದ್ದು.

"ಹಳತು" ಅಂದೆ. "ತುಂಬ ಹಳತು. ಯಾವುದೋ ಒಳ್ಳೆಯ ಮನೆಯಲ್ಲಿ ಇದ್ದದ್ದು."

ಪೇಪರ್ ಬಿಚ್ಚುವ ಸದ್ದು. ಕಣ್ಣು ತೆರೆದರೆ ಕನ್ನಡ ನಿಘಂಟು. ಹೊಚ್ಚ ಹೊಸತು. ಬೆನ್ನು ಕೂಡ ಮುರಿದಿಲ್ಲ. ನಾಲ್ಕು ತಿಂಗಳು ಆ ಖಾನೆಯಲ್ಲಿದ್ದು ಅಂಗಡಿಯ ವಾಸನೆ ಹಿಡಿದಿತ್ತು, ಅಷ್ಟೇ.

ನಡುವೆ ಒಂದು ಬಸ್ ಟಿಕೇಟು. ಆ ಪುಟ ತೆರೆದೆ. ಮಾರುವ ಪುಸ್ತಕಕ್ಕೆ ಯಾರಾದರೂ ಪೆನ್ಸಿಲ್ ತಾಗಿಸಿದರೆ ಹೊಡೆಯಲಿಕ್ಕೆ ಹೋಗುತ್ತಿದ್ದವರು ಇದರಲ್ಲಿ ಒಂದು ಶಬ್ದಕ್ಕೆ ಗೆರೆ ಎಳೆದಿದ್ದರು. ಮುಗ್ಗಲು: ಬಹುಕಾಲ ಮುಚ್ಚಿಟ್ಟ ವಸ್ತುವಿನ ಕೆಟ್ಟ ವಾಸನೆ. 'ಕೆಟ್ಟ' ಅನ್ನುವುದಕ್ಕೆ ಎರಡು ಗೆರೆ. ಪಕ್ಕದಲ್ಲಿ, ಇವರ ವಾರೆ ಅಕ್ಷರದಲ್ಲಿ, ಸೋತೆ.

ಹೊಸತನ್ನು ಹಳತು ಅಂದೆ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಇಲ್ಲ, ಇವತ್ತು ಸೋತದ್ದು ನಾನು ಅಂತ ಜೋರಾಗಿಯೇ ಹೇಳಿದೆ.

ಮುಝಮ್ಮಿಲ್ ಹತ್ತಿರ ಬಂದು, "ಇದು ಯಾವ ಬದಿಗೆ ಅತ್ತಿಗೆ?" ಅಂತ ಕೇಳಿದ.

ಮನೆಗೆ ಅಂದೆ. ಕಣ್ಣು ಒರೆಸಿಕೊಂಡು, ಮುಂದಿನ ಕಟ್ಟು ತಾ ಅಂದೆ.